ಎಆರ್ ಕಾರ್ಡ್ ಗುರುತು ತಪ್ಪುತ್ತಿದೆ, ಮಗನ ಕಣ್ಣು ಟ್ಯಾಬ್ ಬಿಟ್ಟು ಏಳುತ್ತಿಲ್ಲ

ಇಳಕಲ್ ತಾಯಿ:
ಮಗನಿಗೆ ಆರು ವರ್ಷ, ಆಟಿಸಂ ಇದೆ. ತಟ್ಟೆ, ಲೋಟ, ಬ್ರಷ್‌ಗಳ ಕಡೆ ಗಮನ ತರಲು ಪ್ರತಿಯೊಂದರ ಪಕ್ಕ ಒಂದು ಕಾರ್ಡ್ ಇಟ್ಟಿದ್ದೇವೆ. ಕ್ಯಾಮೆರಾ ಹಿಡಿದರೆ ವಸ್ತುವಿನ ಸುತ್ತ ಹಳದಿ ಉಂಗುರ ಮೂಡಬೇಕು. ಕ್ಯಾಮೆರಾ ನೋಟದ ಮೇಲೆ ಚಿತ್ರ ಮೂಡಿಸುವ (ಎಆರ್) ಗೂಗಲ್‌ನ ತಂತ್ರಾಂಶ ಎಆರ್‌ಕೋರ್ ಬಳಸಿ ನನ್ನ ತಮ್ಮ ಮಾಡಿಕೊಟ್ಟ ಆಪ್ ಇದು. ಬೆಳಿಗ್ಗೆ ಕಿಟಕಿಯ ಬಳಿ ಉಂಗುರ ಬರುವುದೇ ಇಲ್ಲ. ಲೋಟದ ಕಾರ್ಡ್ ತೋರಿಸಿದರೆ ಕೆಲವೊಮ್ಮೆ ತಟ್ಟೆಯ ಉಂಗುರ ಬರುತ್ತದೆ. ಆಗ ಅವನು ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಾನೆ. ಸರಿ ಬಂದಾಗಲೂ ಉಂಗುರವನ್ನೇ ನೋಡುತ್ತಾನೆ, ಲೋಟವನ್ನಲ್ಲ. ಕಾರ್ಡ್‌ಗಳಿಗೆ ಲ್ಯಾಮಿನೇಷನ್ ಇದೆ. ಎಲ್ಲಕ್ಕೂ ಇಳಕಲ್ ಸೀರೆಯ ಗೋಮಿ ದಡಿಯ ಚೌಕಟ್ಟು, ನಡುವೆ ಗೆರೆಚಿತ್ರ.

ಬೆಳಗಾವಿ ಡೆವಲಪರ್:
ತೊಂದರೆ ಆ ದಡಿಯಲ್ಲೇ ಇದೆ. ಎಆರ್‌ಕೋರ್ ಚಿತ್ರದ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಕು ನೆರಳಿನ ವ್ಯತ್ಯಾಸವಿರುವ ಬಿಂದುಗಳನ್ನು ಹುಡುಕುತ್ತದೆ. ದಡಿಯಲ್ಲಿ ಒಂದೇ ವಿನ್ಯಾಸ ಮರುಕಳಿಸುತ್ತದೆ, ಅದೂ ಎಲ್ಲ ಕಾರ್ಡ್‌ಗಳಲ್ಲಿ. ಬೇರೆಯಾಗಿರುವ ಗೆರೆಚಿತ್ರದಲ್ಲಿ ಬಿಂದುಗಳೇ ಕಡಿಮೆ. ಚೌಕಟ್ಟು ತೆಗೆದು, ವಿವರ ತುಂಬಿದ ಬೇರೆ ಬೇರೆ ಫೋಟೋ ಹಾಕಿ. ಗೂಗಲ್‌ನ arcoreimg ಉಪಕರಣ ಪ್ರತಿ ಚಿತ್ರಕ್ಕೂ 100ಕ್ಕೆ ಅಂಕ ಕೊಡುತ್ತದೆ. 75ಕ್ಕಿಂತ ಕಡಿಮೆ ಬಂದದ್ದನ್ನು ಬಿಟ್ಟುಬಿಡಿ. ಕಿಟಕಿಯ ಬಳಿ ಕಾಡುವುದು ಲ್ಯಾಮಿನೇಷನ್‌ನ ಹೊಳಪು. ಮ್ಯಾಟ್ ಕಾಗದದಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿ. ಮೊದಲ ಗುರುತಿಗೆ ಕಾರ್ಡ್ ಕ್ಯಾಮೆರಾ ಚಿತ್ರದ ಕಾಲು ಭಾಗವನ್ನಾದರೂ ತುಂಬಬೇಕು.

ವಿಜಯಪುರದ ವಿಶೇಷ ಶಿಕ್ಷಕಿ:
ಕಾರ್ಡ್ ಸರಿಯಾದರೂ ಅವನು ಉಂಗುರವನ್ನೇ ನೋಡುವ ತೊಂದರೆ ಉಳಿಯುತ್ತದೆ, ನನಗೆ ಅದೇ ದೊಡ್ಡದು. ಮೆಕ್ಸಿಕೋದಲ್ಲಿ ರೂಪಿಸಿದ ಮೊಬಿಸ್ ಎಂಬ ಆಪ್ ಕೂಡ ನಿಜವಾದ ವಸ್ತುಗಳ ಮೇಲೆಯೇ ಗುರುತು ಮೂಡಿಸುತ್ತಿತ್ತು. ಚಿಕಿತ್ಸಾ ತರಗತಿಯಲ್ಲಿ ಮಕ್ಕಳ ಗಮನ ಹೆಚ್ಚು ಹೊತ್ತು ನಿಂತಿತೆಂದು 2014ರಲ್ಲಿ ಅದರ ತಂಡ ವರದಿ ಮಾಡಿತು. ಆದರೆ ಅಲ್ಲಿ ಪಕ್ಕದಲ್ಲಿ ಶಿಕ್ಷಕರಿದ್ದರು. ನೀವೂ ಟ್ಯಾಬನ್ನು ಅವನ ಕೈಗೆ ಕೊಡಬೇಡಿ, ಸ್ಟ್ಯಾಂಡ್‌ಗೆ ಹಾಕಿ. ಅವನ ಬೆರಳು ಲೋಟಕ್ಕೆ ತಗುಲಿದ ಕೂಡಲೇ ನೀವೇ ಪರದೆ ಮುಟ್ಟಿ ಉಂಗುರ ಅಳಿಸುವಂತೆ ಒಂದು ಗುಂಡಿ ಮಾಡಿಸಿ. ಲೋಟದಲ್ಲಿ ಅವನಿಗೆ ಇಷ್ಟವಾದ ಮಜ್ಜಿಗೆ ಇರಲಿ. ಸಿಗಬೇಕಾದದ್ದು ಲೋಟದಿಂದಲೇ ಸಿಗಬೇಕು. ಉಂಗುರ ದಿನೇ ದಿನೇ ತೆಳುವಾಗಲಿ. ಆಪ್‌ನ ಶಬ್ದವನ್ನೂ ನಿಲ್ಲಿಸಿ, ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಅದು ಹಿಂಸೆ.

ಇಳಕಲ್ ತಾಯಿ:
ಹೊಸ ಕಾರ್ಡ್‌ಗಳಲ್ಲಿ ತಟ್ಟೆ, ಲೋಟ ಅದಲುಬದಲಾಗುತ್ತಿಲ್ಲ. ಮಜ್ಜಿಗೆಯ ಲೋಟಕ್ಕೆ ಇಂದು ತಾನೇ ಕೈ ಚಾಚಿದ. ಬಚ್ಚಲಿನಲ್ಲಿ ಬ್ರಷ್ ಕಾರ್ಡ್ ಮಾತ್ರ ಇನ್ನೂ ಸಿಗುತ್ತಿಲ್ಲ.

ಬೆಳಗಾವಿ ಡೆವಲಪರ್:
ಅಲ್ಲಿ ಬೆಳಕು ಸಾಲದೇ ಇರಬಹುದು. ಬಲ್ಬ್ ಬದಲಿಸಿ ನೋಡಿ, ಆಗದಿದ್ದರೆ ಬ್ರಷ್ ಪಾಠವನ್ನು ಅಂಗಳದ ನಲ್ಲಿಯ ಬಳಿ ಮಾಡಿ.