ಚರ್ಚ್ ಸಭೆಯವರನ್ನು ನೋಡಿದರೆ ಅವರ ತಪ್ಪೇ ಮೊದಲು ಕಾಣುತ್ತದೆ, ಏನು ಮಾಡಲಿ?

ಕೇಳಿದವರು: ಆರಾಧನೆಯಲ್ಲಿ ಕೂತರೂ ನನ್ನ ಗಮನ ಬೇರೆಯವರ ಮೇಲೇ ಇರುತ್ತದೆ. ಒಬ್ಬರು ಪ್ರತಿ ವಾರ ತಡವಾಗಿ ಬರುತ್ತಾರೆ. ಇನ್ನೊಬ್ಬರು ದೇವರು ತಮಗೆ ಮಾಡಿದ್ದಕ್ಕೆ ಸಾಕ್ಷಿ ಹೇಳುತ್ತೇನೆ ಅಂತ ಎದ್ದು ತಮ್ಮನ್ನೇ ಹೊಗಳಿಕೊಳ್ಳುತ್ತಾರೆ. ಮತ್ತೊಬ್ಬರ ಮನೆ ಜಗಳ ಎಲ್ಲರಿಗೂ ಗೊತ್ತು, ಆದರೂ ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಾರೆ. ಕೃಪೆಯಿಂದ, ದೀನ ಮನಸ್ಸಿನಿಂದ ನೋಡುವುದನ್ನು ನೀವೆಲ್ಲ ಹೇಗೆ ರೂಢಿ ಮಾಡಿಕೊಂಡಿರಿ? ಸುಮ್ನೆ ವಾಕ್ಯ ತೋರಿಸಿ ಬಿಡಬೇಡಿ, ಅನುಭವ ಹೇಳಿ.

ಸಂಡೇ ಸ್ಕೂಲ್ ಟೀಚರ್: ವಾಕ್ಯ ಬೇಡ ಅಂದರೂ ಒಂದು ಹೇಳುತ್ತೇನೆ, ಕ್ಷಮಿಸಿ. ಲೂಕ 18ರಲ್ಲಿ, ಧರ್ಮನಿಷ್ಠನಾದ ಒಬ್ಬ ಫರಿಸಾಯ ದೇವಾಲಯದಲ್ಲಿ ನಿಂತು, ನಾನು ಈ ಸುಂಕ ವಸೂಲಿಯವನಂತೆ ಅಲ್ಲ, ದೇವರೇ ನಿನಗೆ ಸ್ತೋತ್ರ ಅಂತ ಪ್ರಾರ್ಥಿಸುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ವಾರಕ್ಕೆ ಎರಡು ಸಲ ಉಪವಾಸ, ಆದಾಯದಲ್ಲಿ ಹತ್ತನೇ ಒಂದು ಪಾಲು, ಎಲ್ಲಾ ನಿಜವೇ ಇರಬೇಕು. ಆದರೆ ಪಕ್ಕದಲ್ಲಿ ಆ ಸುಂಕದವನು ಇಲ್ಲದಿದ್ದರೆ ಅವನ ಪ್ರಾರ್ಥನೆ ಅರ್ಧಕ್ಕೇ ನಿಂತುಬಿಡುತ್ತಿತ್ತು, ಅಲ್ವಾ? ಇದು ಹೊಳೆದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಪ್ರಾರ್ಥನೆಯಲ್ಲಿ ಯಾರದಾದರೂ ಮುಖ ನೆನಪಿಗೆ ಬಂದರೆ, ಅವರ ಹೆಸರು ಹೇಳಿ ಅವರಿಗಾಗಿ ಏನಾದರೂ ಒಳ್ಳೆಯದನ್ನು ಬೇಡುತ್ತೇನೆ. ಅವರು ಬದಲಾಗಲಿ ಅಂತಲ್ಲ. ಅವರಿಗೆ ನಿದ್ದೆ ಬರಲಿ, ಕೆಲಸ ಸಿಗಲಿ, ಅಂಥದ್ದು.

ಹೆಸರು ಬೇಡ: ಮೊದಲು ಬಾಯಿ, ಆಮೇಲೆ ಮನಸ್ಸು. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಸೇರುವ ಗುಂಪಿನಿಂದ ದೂರ ಇರಿ. "ಪ್ರಾರ್ಥನೆಗೆ ಇರಲಿ ಅಂತ ಹೇಳುತ್ತಿದ್ದೇನೆ" ಎಂದು ಶುರುವಾಗುವ ಚಾಡಿಯಿಂದಲೂ.

ಎರಡು ಸಭೆಯ ಮನೆ: ನಾನು ಕಥೋಲಿಕ, ನನ್ನ ಹೆಂಡತಿ ಲೂಥರನ್. ವಾದಕ್ಕೆ ನಮ್ಮಲ್ಲಿ ಬರ ಇಲ್ಲ! ಆದರೆ ಈ ವಿಷಯದಲ್ಲಿ ನಮ್ಮಿಬ್ಬರ ಹಿರಿಯರೂ ಒಂದೇ ಮಾತು ಹೇಳಿದ್ದಾರೆ. 1529ರ ಚಿಕ್ಕ ಕ್ಯಾಟೆಕಿಸಂ ಎಂಬ ಧರ್ಮಬೋಧೆಯ ಪುಸ್ತಕದಲ್ಲಿ ಲೂಥರ್, ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆಯನ್ನು ವಿವರಿಸುತ್ತಾ, ನೆರೆಯವನ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಅವನು ಮಾಡಿದ್ದನ್ನು ಒಳ್ಳೆಯ ಅರ್ಥದಲ್ಲೇ ತೆಗೆದುಕೊಳ್ಳಬೇಕು ಅನ್ನುತ್ತಾನೆ. 1548ರಲ್ಲಿ ಅಚ್ಚಾದ, ನಮ್ಮ ಕಥೋಲಿಕ ಸಂತ ಇಗ್ನೇಷಿಯಸರ ಧ್ಯಾನದ ಕೈಪಿಡಿಯಲ್ಲಿ ಇದಕ್ಕೆ ಒಂದು ಕ್ರಮವೇ ಇದೆ: ಮೊದಲು ಒಳ್ಳೆಯ ಅರ್ಥ ಹುಡುಕು. ಸಿಗದಿದ್ದರೆ ಅವನನ್ನೇ ಕೇಳು. ತಪ್ಪೇ ಆಗಿದ್ದರೆ ಪ್ರೀತಿಯಿಂದ ತಿದ್ದು.

ನಾವಿಬ್ಬರೂ ಹಿಡಿದುಕೊಂಡಿರುವುದು ನಡುವಿನ ಮಾತನ್ನು. ಮನೆಯಲ್ಲಿ ಯಾರ ದೂರು ಬಂದರೂ ಇನ್ನೊಬ್ಬರು "ನೀನು ಕೇಳಿದೆಯಾ?" ಅನ್ನಬೇಕು. ತಡವಾಗಿ ಬರುವವರು ನಮ್ಮಲ್ಲೂ ಒಬ್ಬರಿದ್ದರು. ಹಾಸಿಗೆ ಹಿಡಿದ ಅತ್ತೆಗೆ ಸ್ನಾನ ಮಾಡಿಸಿ, ಊಟ ಕೊಟ್ಟು ಹೊರಡುತ್ತಿದ್ದರಂತೆ. ಕೇಳುವವರೆಗೂ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಹಿಂದೆಯೂ ಇಂಥ ಕಾರಣ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರು ಸುಮ್ನೆ ಸೋಮಾರಿಗಳೇ!

ಕಮಿಟಿಯಲ್ಲಿರುವವರು: ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಮೋಸೆಸ್ ಎಂಬ ಸನ್ಯಾಸಿ ಇದ್ದ. ಮೊದಲು ದರೋಡೆಕೋರ. ಒಬ್ಬ ಸಹೋದರ ತಪ್ಪು ಮಾಡಿದಾಗ ವಿಚಾರಣೆಗೆ ಇವನನ್ನೂ ಕರೆದರು. ಸೋರುವ ಕೊಡದಲ್ಲಿ ನೀರು ತುಂಬಿ ಹೊತ್ತುಕೊಂಡು ಹೋದನಂತೆ. ಏನಿದು ಅಂದರೆ, ನನ್ನ ಪಾಪಗಳು ಹಿಂದೆ ಸುರಿಯುತ್ತಿವೆ, ನನಗೇ ಕಾಣುತ್ತಿಲ್ಲ, ಆದರೂ ಇನ್ನೊಬ್ಬನ ತಪ್ಪಿಗೆ ತೀರ್ಪು ಹೇಳಲು ಬಂದಿದ್ದೇನೆ ಅಂದ. ಅವರು ಆ ಸಹೋದರನನ್ನು ಕ್ಷಮಿಸಿದರು. ನಮ್ಮ ಕಮಿಟಿಯಲ್ಲಿ ಯಾರ ವಿಷಯ ಬಂದರೂ, ಅವರ ಹತ್ತಿರ ಒಬ್ಬರಾದರೂ ಹೋಗಿ ಮಾತಾಡಿದ್ದೀರಾ ಅಂತ ಕೇಳುತ್ತೇನೆ. ಮತ್ತಾಯ 18 ಹೇಳುವುದೂ ಅದನ್ನೇ. ಹೆಚ್ಚಿನ ಸಲ ಯಾರೂ ಹೋಗಿರುವುದಿಲ್ಲ.

ನೋವು ಉಂಡವಳು: ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಏಟು ತಿಂದವಳಿಗೇ "ದೀನಳಾಗಿರು" ಅನ್ನುವುದನ್ನು ನಾನು ಜಾಸ್ತಿ ಕೇಳಿದ್ದೇನೆ. ನನಗೂ ಹಾಗೆಯೇ ಹೇಳಿದ್ದರು. ಯೋಹಾನ 13ರಲ್ಲಿ ಯೇಸು, ತನ್ನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನ ಕಾಲನ್ನೂ ತೊಳೆದ, ನಿಜ. ಅದೇ ರಾತ್ರಿ, ನಿಮ್ಮಲ್ಲಿ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಅಂತ ಎಲ್ಲರ ಮುಂದೆ ಹೇಳಿಯೂ ಹೇಳಿದ. ಹಾಗಾಗಿ ಕೇಳಿದವರಿಗೆ ನನ್ನದೊಂದು ಮಾತು. ತಡವಾಗಿ ಬರುವವರನ್ನೂ ಹೊಗಳಿಕೊಳ್ಳುವವರನ್ನೂ ಬಿಡಿ. ಆ ಮನೆ ಜಗಳದಲ್ಲಿ ಹೆಂಡತಿಗೋ ಮಕ್ಕಳಿಗೋ ಏಟು ಬೀಳುತ್ತಿದೆಯಾ ಅಂತ ಮೊದಲು ತಿಳಿದುಕೊಳ್ಳಿ. ಆ ಮನೆಯ ಯಜಮಾನರನ್ನು ಕೇಳಬೇಡಿ, ಹೆಂಡತಿಯನ್ನೇ ಒಬ್ಬರೇ ಇರುವಾಗ ಮಾತಾಡಿಸಿ. ಬೀಳುತ್ತಿದ್ದರೆ, ಅವರಿಗೆ ಬೇಕಾದ ಸಹಾಯ ಏನು ಅಂತ ಕೇಳಿ ಜೊತೆಗೆ ನಿಲ್ಲಿ, ಪೊಲೀಸರ ಹತ್ತಿರ ಹೋಗುವುದಾದರೂ ಸರಿ.