ಮುಖದ ಗುರುತು ಸಿಗದವರು ಜನರನ್ನು ಗುರುತಿಸುವ ಬಗೆ: ನರಮನೋವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗುಂಪಿನ ಸದಸ್ಯೆಯಾದ ಅಧ್ಯಾಪಕಿಯೊಬ್ಬರಿಂದ):
ಡಾಕ್ಟರ್ ಅವರಿಗೆ ನಮಸ್ಕಾರ. ನನಗೆ 36 ವರ್ಷ. ತರಗತಿಯೊಳಗೆ ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ ಎಂಬುದನ್ನು ಹಿಡಿದು ಮಕ್ಕಳನ್ನು ಹೆಸರಿನಿಂದ ಕರೆಯುತ್ತೇನೆ. ಅದೇ ಮಗು ಹೊರಗೆ ಬೇರೆ ಬಟ್ಟೆಯಲ್ಲಿ ಎದುರಾದರೆ ಯಾರೆಂದು ತಿಳಿಯುವುದಿಲ್ಲ. ಆರು ವರ್ಷಗಳಿಂದ ಜೊತೆಗೆ ಕೆಲಸ ಮಾಡುತ್ತಿರುವ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು ಬಂದಾಗ, ಅವರನ್ನೇ ‘ತಾವು ಯಾರನ್ನು ನೋಡಬೇಕಾಗಿತ್ತು?’ ಎಂದು ಕೇಳಿಬಿಟ್ಟೆ. ಕಂಡೂ ಕಾಣದಂತೆ ಹೋಗುವವಳು, ಜಂಬದವಳು ಎಂಬ ಹೆಸರು ಬಂಧುಗಳಲ್ಲಿ ಮೊದಲಿನಿಂದಲೂ ಇದೆ. ವಿಚಿತ್ರವೆಂದರೆ, ದೂರದಲ್ಲಿ ಬೆನ್ನು ತೋರಿಸಿಕೊಂಡು ನಡೆದು ಹೋಗುತ್ತಿರುವವರನ್ನು ಎಲ್ಲರಿಗಿಂತ ಮೊದಲು ನಾನೇ ಗುರುತಿಸುತ್ತೇನೆ. ಇದು ಮರೆವೋ, ಗಮನದ ಕೊರತೆಯೋ, ಅಥವಾ ಕಾಯಿಲೆಯೋ ತಿಳಿಸುವಿರಾ?

ಉತ್ತರ:
ನಮಸ್ಕಾರ. ಗುಂಪಿನ ಬರಹವೊಂದನ್ನು ನೋಡಿ ನಿರ್ಣಯ ಹೇಳುವುದು ಸರಿಯಲ್ಲವಾದರೂ, ನೀವು ವಿವರಿಸಿರುವುದು ಪ್ರೊಸೊಪಾಗ್ನೋಸಿಯಾ ಎಂಬ ಸ್ಥಿತಿಯನ್ನು ಬಹಳ ಹೋಲುತ್ತದೆ. ಗ್ರೀಕ್ ಭಾಷೆಯ ‘ಮುಖ’ ಮತ್ತು ‘ಅರಿಯದಿರುವಿಕೆ’ ಎಂಬ ಪದಗಳನ್ನು ಸೇರಿಸಿ 1947ರಲ್ಲಿ ಜರ್ಮನಿಯ ನರವೈದ್ಯ ಯೋಆಖಿಮ್ ಬೋಡಾಮರ್ ಈ ಹೆಸರನ್ನು ಇಟ್ಟರು. ಬಣ್ಣಗುರುಡು ಎನ್ನುವಂತೆ ಕನ್ನಡದಲ್ಲಿ ಇದನ್ನು ಮುಖಗುರುಡು ಎನ್ನಬಹುದು, ಆದರೆ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಮೂಗು, ಕಣ್ಣು, ಹುಬ್ಬು ಎಲ್ಲವೂ ನಿಮಗೆ ಚೆನ್ನಾಗಿಯೇ ಕಾಣುತ್ತವೆ. ಎದುರಿಗಿರುವವರು ನಗುತ್ತಿದ್ದಾರೆಯೇ, ಸಿಟ್ಟಾಗಿದ್ದಾರೆಯೇ, ಅವರ ವಯಸ್ಸು ಎಷ್ಟಿರಬಹುದು ಎಂಬುದನ್ನೂ ಇಂಥ ಬಹಳಷ್ಟು ಜನ ಸರಿಯಾಗಿಯೇ ಹೇಳುತ್ತಾರೆ. ಅವೆಲ್ಲ ಕೂಡಿ ‘ಇದು ಇಂಥವರ ಮುಖ’ ಎಂಬ ಅಚ್ಚು ಮಾತ್ರ ಮನಸ್ಸಿನಲ್ಲಿ ಮೂಡುವುದಿಲ್ಲ.

ಮುಖವೆಂಬುದು ಮೆದುಳಿಗೆ ಒಂದು ವಿಶೇಷ ಬಗೆಯ ಲೆಕ್ಕ. ಎಲ್ಲ ಮುಖಗಳಲ್ಲೂ ಅವೇ ಅಂಗಗಳು ಅದೇ ಕ್ರಮದಲ್ಲಿರುತ್ತವೆ. ವ್ಯತ್ಯಾಸವಿರುವುದು ಕೂದಲೆಳೆಯಷ್ಟು ಅಂತರಗಳಲ್ಲಿ ಮತ್ತು ಉಬ್ಬುತಗ್ಗುಗಳಲ್ಲಿ. ಆದ್ದರಿಂದ ಹೆಚ್ಚಿನವರ ಮೆದುಳು ಮುಖವನ್ನು ಬಿಡಿಬಿಡಿಯಾಗಿ ಓದದೆ ಇಡಿಯಾಗಿ ಓದುತ್ತದೆ. ಬೇಕಾದರೆ ಪರಿಚಿತರ ಫೋಟೋವನ್ನು ಯಾರ ಮುಂದಾದರೂ ತಲೆಕೆಳಗಾಗಿ ಹಿಡಿದು ನೋಡಿ, ಅವರೂ ತಡವರಿಸುತ್ತಾರೆ. ಬೇರೆ ವಸ್ತುಗಳಿಗಿಂತ ಮುಖಗಳಲ್ಲಿ ಈ ತಡವರಿಕೆ ಹೆಚ್ಚೆಂಬುದನ್ನು ರಾಬರ್ಟ್ ಯಿನ್ 1969ರಲ್ಲೇ ತೋರಿಸಿದ್ದರು. ಮುಖ ಕಂಡಾಗ ಹೆಚ್ಚು ಚುರುಕಾಗುವ, ಮೆದುಳಿನ ತಳಭಾಗದಲ್ಲಿರುವ ಒಂದು ಪ್ರದೇಶವನ್ನು ನ್ಯಾನ್ಸಿ ಕಾನ್‌ವಿಶರ್ ಮತ್ತು ಸಂಗಡಿಗರು 1997ರಲ್ಲಿ ಗುರುತಿಸಿ ಹೆಸರಿಸಿದರು. ಸಾಮಾನ್ಯವಾಗಿ ಅದು ಬಲಗಡೆಯಲ್ಲಿ ಹೆಚ್ಚು ಪ್ರಬಲವಾಗಿರುತ್ತದೆ. ಈ ಇಡಿಯ ಓದು ಕೈಗೂಡದವರು ಬಿಡಿ ಗುರುತುಗಳನ್ನು ಆಯ್ದುಕೊಳ್ಳುತ್ತಾರೆ: ಕೂದಲು, ಕನ್ನಡಕ, ಕೂರುವ ಜಾಗ, ನಡಿಗೆ. ನಿಮ್ಮ ಸಹೋದ್ಯೋಗಿಯವರು ಕತ್ತರಿಸಿಕೊಂಡದ್ದು ಕೂದಲನ್ನಾದರೂ ನಿಮ್ಮ ಪಾಲಿಗೆ ಅಳಿಸಿಹೋದದ್ದು ಅವರ ವಿಳಾಸವೇ.

ಇದು ಮರೆವಲ್ಲ, ಅಸಡ್ಡೆಯೂ ಅಲ್ಲ. ಪೆಟ್ಟು, ಪಾರ್ಶ್ವವಾಯು ಯಾವುದೂ ಇಲ್ಲದೆ ಹುಟ್ಟಿನಿಂದಲೇ ಹೀಗಿರುವವರು ನೂರಕ್ಕೆ ಸುಮಾರು 2 ಜನರಿದ್ದಾರೆಂಬುದು ಹೆಚ್ಚಾಗಿ ಒಪ್ಪಿತವಾಗಿರುವ ಅಂದಾಜು, ಮತ್ತು ಹಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ನಿಮ್ಮ ತಂದೆ ತಾಯಿಯರಲ್ಲಿ ಯಾರಿಗಾದರೂ ಇದೇ ‘ಜಂಬ’ ಇತ್ತೇ ಎಂದು ಒಮ್ಮೆ ವಿಚಾರಿಸಿ ನೋಡಿ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೂ ಈ ತೊಂದರೆ ಇತ್ತು. ದೊಡ್ಡ ದೊಡ್ಡ ಮುಖಚಿತ್ರಗಳನ್ನೇ ಬಿಡಿಸಿ ಹೆಸರಾದ ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ಅವರಿಗೂ ಇತ್ತು. ಖಚಿತವಾಗಿ ತಿಳಿಯಬೇಕೆಂದಿದ್ದರೆ 2006ರಲ್ಲಿ ಪ್ರಕಟವಾದ ಕೇಂಬ್ರಿಜ್ ಮುಖಸ್ಮೃತಿ ಪರೀಕ್ಷೆಯನ್ನು ತಜ್ಞರ ಬಳಿ ಮಾಡಿಸಿಕೊಳ್ಳಬಹುದು. ಅದರಲ್ಲಿ ಕೂದಲು, ಬಟ್ಟೆ ಏನೂ ಕಾಣದಂತೆ ಮುಖವನ್ನಷ್ಟೇ ತೋರಿಸುವುದರಿಂದ ನಿಮ್ಮ ಜಾಣತನಗಳು ಅಲ್ಲಿ ನಡೆಯುವುದಿಲ್ಲ.

ಅದೇ ಸದಸ್ಯೆ:
ತುಂಬಾ ಧನ್ಯವಾದಗಳು. ಹಾಗಾದರೆ ಮುಖವನ್ನು ಬಿಟ್ಟು ಯಾವ ಗುರುತನ್ನು ನಂಬಬೇಕು? ನಾನು ಕೂದಲನ್ನು ನಂಬಿ ಕೆಟ್ಟೆ.

ಉತ್ತರ:
ಕಣ್ಣಿಗೆ ಬೇಗ ಬೀಳುವ ಗುರುತೇ ಬೇಗ ಕೈಕೊಡುತ್ತದೆ. ಬಟ್ಟೆಯ ಗುರುತು ಆ ಹೊತ್ತಿಗೆ ಮಾತ್ರ ಸಲ್ಲುತ್ತದೆ: ಸಭೆಯೊಂದರಲ್ಲಿ ಹೊಸಬರನ್ನು ಸಂಜೆಯವರೆಗೆ ಹಿಡಿದಿಡಲು ಸಾಕು, ಮರುದಿನಕ್ಕೆ ಉಪಯೋಗವಿಲ್ಲ. ಕೂದಲು, ಮೀಸೆ, ಕನ್ನಡಕ ಕೆಲವು ತಿಂಗಳು ಬಾಳುತ್ತವೆ. ಎಲ್ಲಕ್ಕಿಂತ ಮೋಸಗಾರನೆಂದರೆ ಜಾಗ, ಏಕೆಂದರೆ ಅದು ನೂರು ಸಲ ಸರಿಯಾಗಿ ನಡೆದು ನಮ್ಮನ್ನು ಮೈಮರೆಸುತ್ತದೆ; ಮೂರನೆಯ ಬೆಂಚಿನ ಹುಡುಗ ಐದನೆಯ ಬೆಂಚಿಗೆ ಹೋದ ದಿನ ನಿಮಗೆ ಇಬ್ಬರು ಮಕ್ಕಳು ಅದಲುಬದಲಾಗುತ್ತಾರೆ.

ನಿಮಗೆ ಈಗಾಗಲೇ ಒಲಿದಿರುವ ನಡಿಗೆಯನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಸುಂದರವಾದ ಪ್ರಯೋಗವನ್ನು ಪ್ರಕಟಿಸಿದರು. ನಡೆಯುವವರ ಭುಜ, ಮೊಣಕೈ, ಮೊಣಕಾಲು, ಹರಡು ಮುಂತಾದ ಕೀಲುಗಳಲ್ಲಿ ಹೊಳೆಯುವ ಚುಕ್ಕಿಗಳನ್ನಿಟ್ಟು, ಉಳಿದದ್ದೆಲ್ಲ ಕತ್ತಲಲ್ಲಿ ಮುಳುಗುವಂತೆ ಚಿತ್ರೀಕರಿಸಿದರು. ನಿಂತಿದ್ದಾಗ ಅರ್ಥವಿಲ್ಲದ ಚುಕ್ಕಿಗಳು, ಚಲಿಸಿದೊಡನೆ ಮನುಷ್ಯ. ಇದೇ ಬಗೆಯಲ್ಲಿ ಜೇಮ್ಸ್ ಕಟಿಂಗ್ ಮತ್ತು ಲಿನ್ ಕೊಜ್ಲೋವ್‌ಸ್ಕಿ 1977ರಲ್ಲಿ ಗೆಳೆಯರ ನಡಿಗೆಯನ್ನು ಗೆಳೆಯರಿಗೇ ತೋರಿಸಿದಾಗ, ಬರೀ ಊಹೆಗೆ ಸಿಗುವುದಕ್ಕಿಂತ ಹೆಚ್ಚು ಸಲ ಅವರು ಸರಿಯಾಗಿ ಗುರುತಿಸಿದರು, ಆದರೆ ತಪ್ಪುಗಳೂ ಸಾಕಷ್ಟಿದ್ದವು. ಆ ತಪ್ಪುಗಳನ್ನೂ ನೆನಪಿಡಬೇಕು. ನಡಿಗೆ ಎಲುಬಿನ ಉದ್ದ, ಮೈತೂಕ ಮತ್ತು ವರ್ಷಗಳ ಅಭ್ಯಾಸದಿಂದ ಬಂದದ್ದಾದ್ದರಿಂದ ಬಟ್ಟೆಯಂತೆ ಬದಲಾಗುವುದಿಲ್ಲ. ಹಾಗಿದ್ದೂ ಕಾಲುನೋವು, ಹೊಸ ಚಪ್ಪಲಿ, ಕೈಯಲ್ಲಿನ ಭಾರ ಅದನ್ನು ಕೆಡಿಸುತ್ತವೆ. ಕೂತವರಿಗಂತೂ ನಡಿಗೆಯೇ ಇಲ್ಲ.

ಅಲ್ಲಿ ದನಿ ಕೆಲಸಕ್ಕೆ ಬರುತ್ತದೆ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಬಯಸುತ್ತವೆ ಎಂಬುದನ್ನು ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದರು. ದನಿಯ ಗುರುತು ಅಷ್ಟು ಹಳೆಯದು. ಬರಿಯ ‘ಹಲೋ’ದಿಂದ ಸಿಗುವ ಸುಳಿವು ಕಡಿಮೆ, ಎರಡು ವಾಕ್ಯ ಕೇಳಿದರೆ ಬಹಳ ಹೆಚ್ಚು, ಏಕೆಂದರೆ ದನಿಯ ಜೊತೆಗೆ ಮಾತಿನ ಓಟ, ತಡೆದು ನಿಲ್ಲುವ ರೀತಿ, ಇಷ್ಟದ ಪದಗಳು, ನಗು ಎಲ್ಲವೂ ಬರುತ್ತವೆ. ಆದ್ದರಿಂದ ಯಾರಾದರೂ ‘ನನ್ನ ಗುರುತು ಸಿಕ್ಕಿತೇ?’ ಎಂದು ಕೇಳಿದಾಗ ಗಾಬರಿಯಿಂದ ಹೆಸರು ಊಹಿಸಲು ಹೋಗಬೇಡಿ. ಅವರೇ ನಾಲ್ಕು ಮಾತು ಆಡುವಂಥ ಪ್ರಶ್ನೆಯನ್ನು ಕೇಳಿ.

ಕೈಗಳನ್ನು ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಬೆರಳುಗಳ ಆಕಾರ, ಮಾತನಾಡುವಾಗ ಅವು ಆಡುವ ಬಗೆ, ಲೇಖನಿ ಹಿಡಿಯುವ ಕ್ರಮ ಇವುಗಳನ್ನು ಯಾರೂ ಕ್ಷೌರದಂಗಡಿಯಲ್ಲಿ ಬದಲಾಯಿಸಿಕೊಂಡು ಬರುವುದಿಲ್ಲ. ಮುಖದ ಬಿಡಿ ಭಾಗಗಳಲ್ಲಿ ನನ್ನ ಆಯ್ಕೆ ಕಿವಿ ಮತ್ತು ಹುಬ್ಬು. ಪ್ರಸಿದ್ಧರ ಚಿತ್ರಗಳಲ್ಲಿ ಕಣ್ಣನ್ನು ಅಳಿಸಿದ್ದಕ್ಕಿಂತ ಹುಬ್ಬನ್ನು ಅಳಿಸಿದಾಗ ಗುರುತಿಸುವುದು ಹೆಚ್ಚು ಕಷ್ಟವಾಯಿತೆಂದು 2003ರ ಅಧ್ಯಯನವೊಂದು ಕಂಡುಕೊಂಡಿತು, ಹೆಚ್ಚಿನವರು ಇದನ್ನು ಊಹಿಸಿರುವುದಿಲ್ಲ. ಒಬ್ಬೊಬ್ಬರಿಗೆ ಬದಲಾಗದ ಎರಡು ಗುರುತು ಮತ್ತು ಚಲನೆಯ ಅಥವಾ ದನಿಯ ಒಂದು ಗುರುತನ್ನು ಜೋಡಿಸಿ, ಆ ದಿನವೇ ಬರೆದಿಡಿ. ‘ಎತ್ತರ, ಕನ್ನಡಕ’ ಎಂಬ ಟಿಪ್ಪಣಿ ಹತ್ತು ಜನರಿಗೆ ಹೊಂದುತ್ತದೆ. ‘ಅಂಟಿಕೊಂಡ ಕಿವಿತುದಿ, ಎಡಗೈ ಬರವಣಿಗೆ, ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತಾರೆ’ ಎಂಬುದು ಒಬ್ಬರಿಗೆ ಮಾತ್ರ ಹೊಂದುವ ಸಂಭವ ಹೆಚ್ಚು.

ಇದನ್ನೆಲ್ಲ ಕಳ್ಳದಾರಿಯೆಂದು ಭಾವಿಸಬೇಡಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಖದಿಂದ ತೀರ್ಮಾನಿಸಲು ಕಷ್ಟವಾದ ಫೋಟೋ ಜೋಡಿಗಳನ್ನು ಸಾಮಾನ್ಯ ಜನರಿಗೆ ತೋರಿಸಲಾಯಿತು. ಅವರು ವಾಸ್ತವದಲ್ಲಿ ಮೈಕಟ್ಟನ್ನು ಆಧರಿಸಿ ಸರಿಯುತ್ತರ ಕೊಟ್ಟರು, ಆದರೆ ಕೇಳಿದಾಗ ಮುಖವನ್ನೇ ನೋಡಿದೆವೆಂದು ನಂಬಿಕೆಯಿಂದ ಹೇಳಿದರು. ನಿಮಗೆ ತಿಳಿದೇ ಮಾಡಬೇಕಾಗಿರುವುದನ್ನು ಉಳಿದವರು ತಿಳಿಯದೆ ಮಾಡುತ್ತಿದ್ದಾರೆ, ಅಷ್ಟೇ.

ಮತ್ತೊಬ್ಬ ಸದಸ್ಯರು:
ಸರ್, ಮಧ್ಯೆ ಬಂದುದಕ್ಕೆ ಕ್ಷಮಿಸಿ. ನನ್ನ ತಂದೆಯವರಿಗೆ 71 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ಆದಂದಿನಿಂದ ನಮ್ಮನ್ನು ನೋಡಿ ‘ಯಾರಪ್ಪಾ ನೀನು?’ ಎನ್ನುತ್ತಾರೆ, ನಾನು ‘ಅಪ್ಪಾ’ ಎಂದ ಕೂಡಲೇ ಹೆಸರು ಹಿಡಿದು ಕರೆಯುತ್ತಾರೆ. ಅಮ್ಮ ಇದನ್ನು ಅರಳುಮರಳು ಎಂದುಕೊಂಡು ಕಣ್ಣೀರು ಹಾಕುತ್ತಾರೆ.

ಉತ್ತರ:
ದನಿ ಕೇಳಿದ ಕೂಡಲೇ ಗುರುತಿಸುತ್ತಾರೆ ಎಂಬ ಮಾತೇ ಇಲ್ಲಿ ಮುಖ್ಯ. ನೀವು ಯಾರೆಂಬ ತಿಳಿವು ಅವರೊಳಗೆ ಹಾಗೆಯೇ ಇದೆ, ಮುಖದಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಕಡಿದಿದೆ. ಮೆದುಳಿನ ಬಲಭಾಗದ ಅಥವಾ ಎರಡೂ ಬದಿಗಳ ಹಿಂಬದಿ ತಳಭಾಗಕ್ಕೆ ರಕ್ತದ ಹರಿವು ನಿಂತಾಗ ಹೀಗಾಗುವುದುಂಟು. ಅರಳುಮರಳಾಗಿದ್ದರೆ ದನಿ ಕೇಳಿದರೂ, ಹೆಸರು ಹೇಳಿದರೂ ಸಂಬಂಧ ಹೊಳೆಯದೆ ಹೋಗಬಹುದಾಗಿತ್ತು. ತಾಯಿಯವರಿಗೆ ಇನ್ನೊಂದು ಸಂಗತಿಯನ್ನು ಹೇಳಿ: ರಸೆಲ್ ಬಾವರ್ 1984ರಲ್ಲಿ ವರದಿ ಮಾಡಿದ ರೋಗಿಯೊಬ್ಬರಿಗೆ ಬಂಧುಗಳ ಮುಖ ಕಂಡು ಹೆಸರು ಹೇಳಲಾಗುತ್ತಿರಲಿಲ್ಲ, ಆದರೆ ಮುಖದ ಜೊತೆಗೆ ಸರಿಯಾದ ಹೆಸರನ್ನು ಓದಿದಾಗ ಅವರ ಚರ್ಮದ ಬೆವರಿನ ಅಳತೆ ಹೆಚ್ಚು ಸಲ ಏರುತ್ತಿತ್ತು. ಬಾಯಿ ಹೇಳಲಾರದ ಗುರುತನ್ನು ಮೈ ಹೇಳುತ್ತಿತ್ತು.

ತಂದೆಯವರ ಕೋಣೆಗೆ ಹೋಗುವ ಮೊದಲು ಎಲ್ಲರೂ ಬಾಗಿಲಲ್ಲೇ ಮಾತನಾಡಲಿ. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷಿಸುವುದನ್ನು ಇಂದೇ ನಿಲ್ಲಿಸಿ. ಪಾರ್ಶ್ವವಾಯುವಿಗೆ ಚಿಕಿತ್ಸೆ ಕೊಟ್ಟ ನರವೈದ್ಯರಿಗೆ ಈ ಲಕ್ಷಣವನ್ನು ತಪ್ಪದೆ ತಿಳಿಸಿ, ಏಕೆಂದರೆ ಇದರ ಜೊತೆಗೆ ದೃಷ್ಟಿಯ ಒಂದು ಭಾಗವೋ ಬಣ್ಣದ ಅರಿವೋ ದಾರಿಯ ಗುರುತೋ ಹೋಗಿರಬಹುದು. ಇದುವರೆಗೆ ಇರದಿದ್ದ ಈ ತೊಂದರೆ ಯಾರಿಗಾದರೂ ಒಮ್ಮೆಲೇ ಕಾಣಿಸಿಕೊಂಡರೆ ಕಾಯಬಾರದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನೊಬ್ಬ ಸದಸ್ಯರು:
ನನಗೂ ಒಮ್ಮೆ ಭೇಟಿಯಾದವರ ಮುಖ ನೆನಪಿರುವುದಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ನನ್ನದೂ ಇದೇ ಇರಬಹುದೇ?

ಉತ್ತರ:
ಹೆಸರು ಮರೆಯುವುದು ಬೇರೆಯೇ ವಿಷಯ, ಅದು ನನಗೂ ಇದೆ. ಅಪರಿಚಿತ ಮುಖಗಳಲ್ಲಿ ಎಲ್ಲರೂ ನಾವು ಅಂದುಕೊಂಡದ್ದಕ್ಕಿಂತ ಕಳಪೆ. 2011ರ ಪ್ರಯೋಗವೊಂದರಲ್ಲಿ ಇಬ್ಬರೇ ವ್ಯಕ್ತಿಗಳ 40 ಫೋಟೋಗಳನ್ನು ಕೊಟ್ಟು ಒಬ್ಬೊಬ್ಬ ವ್ಯಕ್ತಿಗೆ ಒಂದು ಗುಂಪಿನಂತೆ ವಿಂಗಡಿಸಲು ಹೇಳಿದಾಗ, ಅವರನ್ನು ಅರಿಯದವರು ಸಾಮಾನ್ಯವಾಗಿ ಏಳೆಂಟು ಗುಂಪುಗಳನ್ನು ಮಾಡಿದರು. ದಿನವೂ ಕಾಣುವವರ ಮುಖವೇ ತಪ್ಪುತ್ತಿದ್ದರೆ ಮಾತ್ರ ವಿಚಾರಿಸಿ.

ದೃಷ್ಟಿ ಇಲ್ಲದ ಸದಸ್ಯರೊಬ್ಬರ ಅನುಭವ:
ಹುಟ್ಟಿನಿಂದ ನನಗೆ ಕಣ್ಣು ಕಾಣದು. ಮೊದಲನೆಯ ಸದಸ್ಯೆಯವರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ. ಹೆಜ್ಜೆಯ ಸದ್ದಿಗಿಂತ ಹೆಜ್ಜೆಗಳ ನಡುವಿನ ಬಿಡುವನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಸದ್ದು ಚಪ್ಪಲಿಯದು, ಬಿಡುವು ಮನುಷ್ಯನದು. ಬಾಗಿಲು ತೆರೆಯುವ ರೀತಿ, ಕುರ್ಚಿ ಎಳೆಯುವ ರೀತಿ, ಮಾತು ಶುರುಮಾಡುವ ಮೊದಲಿನ ಉಸಿರು ಇವೂ ಒಬ್ಬೊಬ್ಬರಿಗೆ ಒಂದೊಂದು. ಆದರೆ ಜನಜಂಗುಳಿಯಲ್ಲಿ ಇದ್ಯಾವುದೂ ನಡೆಯದು. ಅಲ್ಲಿ ಎದುರಿನವರು ತಮ್ಮ ಹೆಸರು ಹೇಳಲೇಬೇಕು, ಮತ್ತು ನಾನು ಯಾವ ಸಂಕೋಚವೂ ಇಲ್ಲದೆ ಕೇಳುತ್ತೇನೆ.

ಉತ್ತರ:
ಸದ್ದು ಚಪ್ಪಲಿಯದು ಎಂಬುದನ್ನು ನಾನು ಇನ್ನು ಮುಂದೆ ನನ್ನ ಬಳಿ ಬರುವವರಿಗೂ ಹೇಳುತ್ತೇನೆ. ಧನ್ಯವಾದಗಳು.

ಮೊದಲಿನ ಸದಸ್ಯೆ:
ಕೊನೆಯ ಪ್ರಶ್ನೆ. ತರಬೇತಿಯಿಂದ ಇದು ವಾಸಿಯಾಗುತ್ತದೆಯೇ? ಆ ಸಹೋದ್ಯೋಗಿಯವರಿಗೆ ಏನೆಂದು ಹೇಳಲಿ?

ಉತ್ತರ:
ವಾಸಿ ಮಾಡುವ ಔಷಧ ಇಲ್ಲ. ಮುಖಗಳನ್ನು ಗಮನಿಸುವ ತರಬೇತಿಯಿಂದ ಕೆಲವರಿಗೆ ಸ್ವಲ್ಪ ಸುಧಾರಣೆ ಕಂಡಿದೆಯಾದರೂ, ಅದರ ಹಿಂದೆ ಹಣ ಸುರಿಯಲು ನಾನು ಹೇಳುವುದಿಲ್ಲ. ಹೇಳಿಕೊಳ್ಳುವುದರಿಂದ ಆಗುವ ಉಪಕಾರ ಅದಕ್ಕಿಂತ ದೊಡ್ಡದು. ‘ಮರೆತಿದ್ದೆ’ ಎಂದರೆ ಅವರಿಗೆ ಇನ್ನಷ್ಟು ನೋವಾಗುತ್ತದೆ. ‘ನನಗೆ ಮುಖಗಳ ಗುರುತು ನಿಲ್ಲುವುದಿಲ್ಲ, ಆರು ವರ್ಷ ನಿಮ್ಮನ್ನು ಕೂದಲಿನಿಂದ ಗುರುತಿಸುತ್ತಿದ್ದೆ, ನೀವು ಅಂದು ಮಾತನಾಡಿದ ಕೂಡಲೇ ತಿಳಿಯಿತು’ ಎಂದು ಇದ್ದುದನ್ನು ಇದ್ದಂತೆ ಹೇಳಿ. ಮುಂದೆ ಎದುರಾದಾಗ ಮೊದಲು ಅವರೇ ಮಾತನಾಡಿಸಬೇಕೆಂದೂ ಕೇಳಿಕೊಳ್ಳಿ. ತರಗತಿಯಲ್ಲಿ ಪ್ರಶ್ನೆಗೆ ಉತ್ತರಿಸುವ ಮೊದಲು ಪ್ರತಿಯೊಬ್ಬರೂ ಹೆಸರು ಹೇಳಬೇಕೆಂಬ ನಿಯಮ ಮಾಡಿ. ಮಕ್ಕಳಿಗೆ ಅದು ವಿಚಿತ್ರವೆನಿಸುವುದು ಮೊದಲ ವಾರ ಮಾತ್ರ.