ಅಪ್‌ಡೇಟ್: ಮೇಣದ ಗುಂಡು ಹಾರಿಸಿದ ಮೇಲೆ ರಿವಾಲ್ವರ್‌ನ ಸಿಲಿಂಡರ್ (ತೋಟಾಗಳು ಕೂರುವ, ತಿರುಗುವ ಉರುಳೆ) ಸಿಕ್ಕಿಕೊಳ್ಳುವುದಕ್ಕೆ ಕಾರಣ ಸಿಕ್ಕಿತು

ಹಿಂದಿನ ಪ್ರಶ್ನೆ ಇದು: ಅಮೆರಿಕದಲ್ಲಿ ಒಳಾಂಗಣ ಅಭ್ಯಾಸಕ್ಕೆ .38 ಸ್ಪೆಷಲ್ (ಒಂದು ತೋಟಾ ಅಳತೆ) ರಿವಾಲ್ವರ್‌ನಲ್ಲಿ ಮದ್ದಿಲ್ಲದೆ, ಬರೀ ಪ್ರೈಮರ್ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಬಲದಿಂದ ಪ್ಯಾರಾಫಿನ್ ಮೇಣದ ಗುಂಡು ಹಾರಿಸುತ್ತಾರಲ್ಲ, ಎರಡನೇ ಹೊಡೆತಕ್ಕೇ ಸಿಲಿಂಡರ್ ಯಾಕೆ ತಿರುಗುವುದಿಲ್ಲ?

ತಪ್ಪು ಮೇಣದ್ದಲ್ಲ, ಪ್ರೈಮರ್‌ದು. ಮಾಮೂಲಿ ತೋಟಾದಲ್ಲಿ ಮದ್ದಿನ ಒತ್ತಡ ಕೇಸನ್ನು (ತೋಟಾದ ಲೋಹದ ಕವಚ) ಹಿಂದಕ್ಕೆ ತಳ್ಳಿ, ಸಿಡಿದಾಗ ಹೊರಬಂದ ಪ್ರೈಮರನ್ನು ಮತ್ತೆ ಒಳಗೆ ಕೂರಿಸುತ್ತದೆ. ಇಲ್ಲಿ ಮದ್ದೇ ಇಲ್ಲ. ಹೊರಬಂದ ಪ್ರೈಮರ್ ಅಲ್ಲೇ ನಿಂತು ರಿವಾಲ್ವರ್‌ನ ಫ್ರೇಮಿಗೆ (ಚೌಕಟ್ಟು) ಉಜ್ಜಿ ಸಿಲಿಂಡರನ್ನು ತಡೆಯುತ್ತದೆ. ಸುಮಾರು 2 ಮಿ.ಮೀ. ಇರುವ ಫ್ಲ್ಯಾಶ್ ಹೋಲನ್ನು (ಪ್ರೈಮರ್ ಕಿಡಿ ಕೇಸಿನೊಳಗೆ ಹೋಗುವ ತೂತು) 3.2 ಮಿ.ಮೀ.ಗೆ ಕೊರೆದರೆ ಸರಿಹೋಗುತ್ತದೆ. ಆದರೆ ಆ ಕೇಸಿಗೆ ಇನ್ನೆಂದೂ ಮದ್ದು ತುಂಬಬಾರದು. ರಿಮ್ಮಿಗೆ (ಕೇಸಿನ ಬುಡದ ಅಂಚು) ಕೆಂಪು ಬಣ್ಣ ಬಳಿದು ಬೇರೆ ಡಬ್ಬಿಯಲ್ಲಿಡಿ.

ಇನ್ನೊಂದು ಎಡವಟ್ಟು: ಪ್ರೈಮರ್ ಮೊದಲೇ ಹಾಕಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಮೇಣ ಹೊರಗೆ ನುಸುಳುತ್ತದೆ. ಖಾಲಿ ಕೇಸಿನ ಬಾಯನ್ನೇ 12 ಮಿ.ಮೀ. ದಪ್ಪದ ಮೇಣದ ಹಲಗೆಗೆ ಒತ್ತಿ, ಪ್ರೈಮರ್ ಆಮೇಲೆ ಕೂರಿಸಬೇಕು. ತಣ್ಣಗಿನ ಮೇಣ ಬಿರಿಯುತ್ತದೆ, ಬೆಚ್ಚಗಿರಲಿ.

ಮೇಣವೆಂದು ಸದರ ಬೇಡ, ಕಣ್ಣು ಹೋಗುತ್ತದೆ. ಪ್ರೈಮರ್ ಹೊಗೆಯಲ್ಲಿ ಸೀಸವಿರುವುದರಿಂದ ಗಾಳಿಯಾಡುವ ಜಾಗವೇ ಬೇಕು. ಭಾರತದಲ್ಲಿ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ.